ಪ್ರ: ನೆರೆಯ ಉತ್ತುಂಗದಲ್ಲಿ ಒಮ್ಮೆ ಅಳೆದರೆ ವಾಟರ್ ಹಯಸಿಂತ್ (ನೀರಿನ ಮೇಲೆ ತೇಲುವ ಗಿಡ) ಹಿಡಿದಿಟ್ಟ ಪೋಷಕಾಂಶ ತಿಳಿಯುತ್ತದೆಯೇ?

ಒಂದೇ ಅಳತೆಯಿಂದ ಸಿಗುವುದು ಆ ದಿನದ ದಾಸ್ತಾನು ಮಾತ್ರ, ವರ್ಷದ ಒಟ್ಟು ಹೀರಿಕೆ ಅಲ್ಲ. ದಕ್ಷಿಣ ಅಮೆರಿಕದ ಪಾಂಟನಾಲ್‌ನಂಥ ಜೌಗುಗಳಲ್ಲಿ ನೆರೆ ಏರುವಾಗಲೇ ಹಳೆಯ ಎಲೆಗಳು ಸಾಯುತ್ತಾ ಹೊಸವು ಬರುತ್ತಿರುತ್ತವೆ, ಆ ಸಾವು ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ನೀರು ಏರುವಾಗ, ತುಂಬಿದಾಗ, ಇಳಿಯುವಾಗ, ಒಣಗಿದಾಗ ಹೀಗೆ ನಾಲ್ಕು ಬಾರಿಯಾದರೂ ಅಳೆಯಿರಿ.

50×50 ಸೆಂ.ಮೀ. ಚೌಕಟ್ಟು ಇಟ್ಟು, ಗಿಡಗಳನ್ನು ಒಂದಕ್ಕೊಂದು ಜೋಡಿಸುವ, ಅಂಚಿಗೆ ಬಂದ ಬಳ್ಳಿಕಾಂಡಗಳನ್ನು ಚಾಕುವಿನಿಂದ ಕತ್ತರಿಸಿ. ಎಳೆದು ತೆಗೆದರೆ ಪಕ್ಕದ ಗಿಡಗಳೂ ಸೇರಿ ತೂಕ ಉಬ್ಬುತ್ತದೆ. ನಿಜವಾದ ತೊಂದರೆ ಬೇರಿನಲ್ಲಿದೆ. ಅದರ ನವಿರಾದ ಕವಲುಗಳು ಹೂಳನ್ನು ಹಿಡಿದಿಟ್ಟುಕೊಳ್ಳುತ್ತವೆ, ತೊಳೆಯದಿದ್ದರೆ ಹೂಳಿನ ರಂಜಕವನ್ನೇ ಗಿಡದ್ದೆಂದು ಬರೆಯುತ್ತೀರಿ. ಅಲ್ಲಿನದೇ ನೀರಿನಲ್ಲಿ ಬೇಗ ಜಾಲಾಡಿಸಿ. ಗಂಟೆಗಟ್ಟಲೆ ನೆನೆಸಿಟ್ಟರೆ ಪೊಟ್ಯಾಸಿಯಂ ಸೋರಿಹೋಗುತ್ತದೆ. ಎಲೆ, ತೊಟ್ಟು, ಬೇರು, ಸತ್ತ ಭಾಗಗಳನ್ನು ಬೇರ್ಪಡಿಸಿ, 60–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ.

ಲೆಕ್ಕದ ಮಾದರಿ: ಚದರ ಮೀಟರಿಗೆ 25 ಕೆ.ಜಿ. ಹಸಿ ತೂಕ, ಒಣ ಅಂಶ 5% ಎಂದರೆ 1.25 ಕೆ.ಜಿ. ಸಾರಜನಕ 2% ಇದ್ದರೆ 25 ಗ್ರಾಂ, ರಂಜಕ 0.3% ಇದ್ದರೆ 3.75 ಗ್ರಾಂ. ಒಣ ಅಂಶವನ್ನು 5ರ ಬದಲು 7% ಎಂದು ಊಹಿಸಿದರೆ ಉತ್ತರ 40% ಹೆಚ್ಚುತ್ತದೆ, ಆದ್ದರಿಂದ ಪ್ರತಿ ಸಲವೂ ಒಣಗಿಸಿಯೇ ನೋಡಿ.

ಈ ಚದರ ಮೀಟರಿನ ಲೆಕ್ಕವನ್ನು ಇಡೀ ಜೌಗಿನ ವಿಸ್ತೀರ್ಣಕ್ಕೆ ಗುಣಿಸಬೇಡಿ, ಆಯಾ ಹಂತದಲ್ಲಿ ಗಿಡ ಮುಚ್ಚಿದ ಜಾಗಕ್ಕೆ ಮಾತ್ರ ಗುಣಿಸಿ. ತೇಲುವ ಹಾಸು ಗಾಳಿ, ಹರಿವಿಗೆ ಜಾಗ ಬದಲಿಸುತ್ತದೆ. ನದಿಗೆ ಕೊಚ್ಚಿಹೋದದ್ದು ವ್ಯವಸ್ಥೆಯಿಂದ ಹೊರಹೋದ ಪೋಷಕಾಂಶ. ಕೆಸರಿನ ಮೇಲೆ ಕೊಳೆತದ್ದು ಬಹುಪಾಲು ಅಲ್ಲೇ ಉಳಿಯುತ್ತದೆ. ಇವೆರಡನ್ನೂ ಬೇರೆ ಬೇರೆ ಬರೆದಿಡಿ.