ದೇಶ ದೇಶ ಸುತ್ತುತ್ತಾ ಇಂಗ್ಲಿಷ್ ಪಾಠ ಮಾಡಿಯೇ ಬದುಕು ಕಟ್ಟಿಕೊಳ್ಳಬಹುದೇ?

ಎಂ.ಎ. ಇಂಗ್ಲಿಷ್, ಬಿ.ಎಡ್., ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ ಕೆಲಸ, ಸಂಬಳ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಎರಡೆರಡು ವರ್ಷಕ್ಕೊಂದು ದೇಶ ಬದಲಿಸುತ್ತಾ ಪಾಠ ಮಾಡಿಕೊಂಡಿದ್ದರೆ ಹೇಗೆ, ಯಾವ ದೇಶದಲ್ಲಿ ಸಂಬಳ ಹೆಚ್ಚು ಅಂತ ಕೇಳಿದ್ದೀರಿ. ಇದರಲ್ಲಿ ಊರಿನ ಹೆಸರೊಂದು ಬದಲಾಯಿಸಿದರೆ 2004ರ ನಾನೇ.

ನಾನು ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ್ದು 2002ರಲ್ಲಿ. ಈ ಇಸವಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಹೋದದ್ದು ಮಾಲ್ಡೀವ್ಸ್. ಆಚೆ ತುದಿಯಿಂದ ಈಚೆ ತುದಿಗೆ ಸಂಜೆ ವಾಕಿಂಗ್ ಹೊರಟರೆ ಕಾಲು ನೋಯುವ ಮೊದಲೇ ಮುಗಿದುಹೋಗುವಷ್ಟು ದ್ವೀಪ. ರಾಜಧಾನಿ ಮಾಲೆಯಿಂದ ದೋಣಿ ಬಂದರೆ ಕೋಸು, ಈರುಳ್ಳಿ; ಬರದಿದ್ದರೆ ಬೇಳೆ, ಅನ್ನ. ಸ್ಟಾಫ್ ರೂಮಿನಲ್ಲಿ ಮುಕ್ಕಾಲು ಪಾಲು ಮಲಯಾಳಿಗಳು ಮತ್ತು ತಮಿಳರು. ಮಕ್ಕಳ ಇಂಗ್ಲಿಷ್ ನಮ್ಮ ಹೈಸ್ಕೂಲ್ ಮಕ್ಕಳದ್ದಕ್ಕಿಂತ ಚೆನ್ನಾಗಿತ್ತು, ಏಕೆಂದರೆ ಹೆಚ್ಚುಕಡಿಮೆ ಎಲ್ಲ ವಿಷಯವೂ ಅದರಲ್ಲೇ. ಬೇಜಾರು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಆ ಬೇಜಾರಿಗೇ ಬಿಟ್ಟೆ.

ಆಮೇಲೆ ಇಥಿಯೋಪಿಯಾ. ಆಗ ಅಲ್ಲಿನ ಸರ್ಕಾರ ಒಂದೇ ಏಟಿಗೆ ಹದಿಮೂರು ಹೊಸ ವಿಶ್ವವಿದ್ಯಾಲಯ ತೆರೆದಿತ್ತು, ಮೇಷ್ಟ್ರುಗಳಿರಲಿಲ್ಲ, ಭಾರತದಿಂದ ಜನ ತುಂಬಿಸುತ್ತಿದ್ದರು. ನಾನು ಇಳಿದದ್ದು 2007ರ ಸೆಪ್ಟೆಂಬರಿನಲ್ಲಿ. ಅವರ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ, ಹಾಗಾಗಿ ಅಲ್ಲಿ ಆಗಷ್ಟೇ 2000 ಹುಟ್ಟಿತ್ತು; ಅಡಿಸ್ ಅಬಾಬದ ತುಂಬ ಹೊಸ ಸಹಸ್ರಮಾನದ ಸಂಭ್ರಮ. ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದು ಐದಾರು ದಿನದ ಪುಟ್ಟ ತಿಂಗಳು. (ಅದಕ್ಕೆ ಸಂಬಳ ಇಲ್ಲ, ಕೇಳಬೇಡಿ.) ಗಂಟೆಯನ್ನೂ ಸೂರ್ಯೋದಯದಿಂದ ಎಣಿಸುತ್ತಾರೆ. ಕ್ಲಾಸು ಎರಡು ಗಂಟೆಗೆ ಅಂದಿದ್ದರು. ನಾನು ಊಟ ಮುಗಿಸಿ ಇಸ್ತ್ರಿ ಅಂಗಿ ಹಾಕಿಕೊಂಡು ಮಧ್ಯಾಹ್ನ ಎರಡಕ್ಕೆ ಹೋದರೆ ರೂಮಿಗೆ ಬೀಗ. ಅವರ ಎರಡು ಅಂದರೆ ಬೆಳಿಗ್ಗೆ ಎಂಟು.

ಆ ಹುಡುಗರನ್ನು ಮಾತ್ರ ಮರೆಯುವ ಹಾಗಿಲ್ಲ. ಬಹಳ ಕಡೆ ಎಂಟನೆಯವರೆಗೆ ತಮ್ಮ ಭಾಷೆಯಲ್ಲಿ ಓದಿ ಒಂಬತ್ತರಿಂದ ಏಕಾಏಕಿ ಇಂಗ್ಲಿಷ್ ಮಾಧ್ಯಮ. ಹೈಸ್ಕೂಲಿನಲ್ಲಿ ಪಾಠ ಬರುತ್ತಿದ್ದುದು ಪ್ಲಾಸ್ಮಾ ಟಿವಿಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಚಿತ್ರೀಕರಿಸಿ ಉಪಗ್ರಹದಿಂದ ಕಳಿಸಿದ ಪಾಠ. ಅರ್ಥವಾಗಲಿ ಬಿಡಲಿ, ಟಿವಿ ನಿಲ್ಲುವುದಿಲ್ಲವಲ್ಲ. ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಬಂದವರ ಪಾಡು ಕಂಡವನಿಗೆ ಆ ಮುಖಗಳು ಹೊಸವಲ್ಲ. ಮೊದಲ ತಿಂಗಳು ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಬ್ಬಿಬ್ಬರಾಗಿ ಕೂರಿಸಿ, ನಿಮ್ಮನೆಯಲ್ಲಿ ಕಾಫಿ ಮಾಡುವ ಕ್ರಮ ಪಕ್ಕದವನಿಗೆ ಹೇಳು ಅಂದೆ. ಹಸಿ ಬೀಜ ತೊಳೆಯುವುದು, ಕಾವಲಿಯಲ್ಲಿ ಹುರಿಯುವುದು, ಹೊಗೆಯನ್ನು ಅತಿಥಿಗಳ ಮೂಗಿಗೆ ಹಿಡಿಯುವುದು, ಕುಟ್ಟುವುದು, ಮೂರು ಸಲ ಬಗ್ಗಿಸುವುದು. ಕ್ಲಾಸೆಲ್ಲ ಗದ್ದಲ. ವ್ಯಾಕರಣ ಆಮೇಲೆ ತಾನಾಗಿ ಬಂತು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಉದ್ದ ಆಗುತ್ತದೆ, ಆದರೂ ಓದಿ.

2011ರ ಜುಲೈನಲ್ಲಿ ಕೆಲಸ ಬಿಟ್ಟೆ. ತಂಗಿಯ ಮದುವೆ ಗೊತ್ತಾಗಿತ್ತು, ಟಿಕೆಟ್ ಕೈಯಲ್ಲಿತ್ತು. ಆಫೀಸಿನಲ್ಲಿ ಅನುಭವ ಪತ್ರ ಕೊಟ್ಟರು. ಲೆಟರ್‌ಹೆಡ್, ನೇರಳೆ ಬಣ್ಣದ ದುಂಡು ಸೀಲು, ಸಹಿ, ಒಳ್ಳೆಯ ಮಾತು ನಾಲ್ಕು ಸಾಲು. ಸೇವಾವಧಿ: ಮೆಸ್ಕೆರೆಮ್ 2000ದಿಂದ ಹಮ್ಲೆ 2003. ಮೆಸ್ಕೆರೆಮ್ ಅಂದರೆ ಅವರ ಸೆಪ್ಟೆಂಬರ್, ಹಮ್ಲೆ ಅಂದರೆ ಜುಲೈ. ಪಕ್ಕದಲ್ಲಿ ಸಣ್ಣಗೆ ಇ.ಸಿ. ಎಂಬ ಎರಡಕ್ಷರ, ಇಥಿಯೋಪಿಯನ್ ಕ್ಯಾಲೆಂಡರ್ ಅಂತ. ನಾಲ್ಕು ವರ್ಷ ಅದರಲ್ಲೇ ಬದುಕಿದ ನನ್ನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಜೊತೆಗಿದ್ದ ತೆಲುಗು ಮೇಷ್ಟ್ರು ಹೇಳಿದರು, ‘ಇಂಗ್ಲಿಷ್ ತಾರೀಖು ಹಾಕಿಸಿಕೊಳ್ಳಿ. ಅಡಿಸ್‌ನಲ್ಲಿ ಎರಡು ದಿನ ನಿಂತು ವಿದೇಶಾಂಗ ಸಚಿವಾಲಯದ ಮುದ್ರೆ ಒತ್ತಿಸಿಕೊಂಡೇ ಹೋಗಿ’ ಅಂತ. ಊರಿಗೆ ಹೋಗಿ ನೋಡೋಣ ಅಂದೆ. ಊರಿಗೆ ಹೋದಮೇಲೆ ಆಗುವ ಕೆಲಸ ಅದಲ್ಲ. ನಮ್ಮ ಡಿಗ್ರಿಗೆ ನಮ್ಮ ಸರ್ಕಾರ ಮುದ್ರೆ ಒತ್ತಬಹುದು. ಇನ್ನೊಂದು ದೇಶದಲ್ಲಿ ಮಾಡಿದ ಕೆಲಸಕ್ಕೆ ಆ ದೇಶವೇ ಒತ್ತಬೇಕು.

2012ರಲ್ಲಿ ಒಮಾನ್‌ನಲ್ಲಿ ಕೆಲಸ ಸಿಕ್ಕಿತು, ಕಾಲೇಜು ಸೇರುವ ಮುನ್ನ ಎಲ್ಲರೂ ಓದಲೇಬೇಕಾದ ಫೌಂಡೇಶನ್ ಇಂಗ್ಲಿಷ್ ವಿಭಾಗದಲ್ಲಿ. ನಮ್ಮನ್ನು ಒದಗಿಸುತ್ತಿದ್ದುದು ಒಂದು ಏಜೆನ್ಸಿ. ಅಲ್ಲಿನ ಗುಮಾಸ್ತರು ನನ್ನ ಫೈಲು ಬಿಡಿಸಿದರು. ಎಂ.ಎ. 2002. ವಿಶ್ವವಿದ್ಯಾಲಯದಲ್ಲಿ ಪಾಠ 2000ದಿಂದ 2003. ಪಾಸ್‌ಪೋರ್ಟಿನ ವೀಸಾ ಮಾತ್ರ 2007ರಿಂದ 2011. ಅವರ ಲೆಕ್ಕದಲ್ಲಿ ನಾನು ಎಂ.ಎ. ಆಗುವ ಎರಡು ವರ್ಷ ಮೊದಲೇ, ವೀಸಾನೇ ಇಲ್ಲದೆ, ಆಫ್ರಿಕಾದಲ್ಲಿ ಲೆಕ್ಚರರ್ ಆಗಿದ್ದೆ! ಪಂಚಾಂಗದ ಕಥೆ ಹೇಳಿದೆ. ಪಾಪ, ನಗುತ್ತಲೇ ಕೇಳಿದರು. ಮುದ್ರೆ ಇದ್ದಿದ್ದರೆ ನೋಡಬಹುದಿತ್ತು ಅಂದರು. ನಾಲ್ಕು ವರ್ಷದ ಅನುಭವ ಸೊನ್ನೆ ಆಯಿತು, ಒಂದು ಮೆಟ್ಟಿಲು ಕೆಳಗಿನ ಗ್ರೇಡಿನಲ್ಲಿ ಕೂರಿಸಿದರು. ತಿಂಗಳಿಗೆ 80 ರಿಯಾಲ್ ಕಡಿಮೆ.

ಎಂಬತ್ತು ತಾನೇ, ಆಮೇಲೆ ಸರಿ ಮಾಡಿಸೋಣ ಅಂದುಕೊಂಡೆ. ಇಥಿಯೋಪಿಯಾಕ್ಕೆ ಮೇಲ್ ಮೇಲೆ ಮೇಲ್. ಹಳೆಯ ಅಧಿಕಾರಿ ವರ್ಗವಾಗಿದ್ದರು. ಕೊನೆಗೆ ಒಬ್ಬ ಹಳೆಯ ವಿದ್ಯಾರ್ಥಿ, ಅಷ್ಟು ಹೊತ್ತಿಗೆ ಅಲ್ಲೇ ಮೇಷ್ಟ್ರಾಗಿದ್ದವನು, ಓಡಾಡಿ ಹೊಸ ಪತ್ರ ಮಾಡಿಸಿ ಮುದ್ರೆ ಒತ್ತಿಸಿ ಕಳಿಸಿದ. ಏಜೆನ್ಸಿಯವರು ನೋಡಿ, ಸೇರುವಾಗ ಕೊಟ್ಟ ದಾಖಲೆಯ ಮೇಲೆಯೇ ಗ್ರೇಡು, ನಡುವೆ ಬದಲಾಯಿಸುವುದಿಲ್ಲ ಅಂದರು. ಸರಿ, ಬೇರೆ ಕಡೆ ಸೇರೋಣವೆಂದರೆ, ಹಳೆಯ ಮಾಲೀಕರ ಎನ್ಓಸಿ ಇಲ್ಲದೆ ಬಿಟ್ಟರೆ ಎರಡು ವರ್ಷ ಒಮಾನ್‌ಗೆ ವೀಸಾ ಇಲ್ಲವೆಂಬ ನಿಯಮ 2014ರಲ್ಲಿ ಮತ್ತೆ ಬಂತು. ಅದನ್ನು ತೆಗೆದದ್ದು 2021ರ ಜನವರಿಯಲ್ಲಿ. ನಾನು 2020ರಲ್ಲೇ ಕೊರೊನಾ ಗಲಾಟೆಯಲ್ಲಿ ಕೆಲಸ ಕಳೆದುಕೊಂಡು ಊರು ಸೇರಿದ್ದೆ.

80 ರಿಯಾಲ್‌ನಂತೆ ಎಂಟು ವರ್ಷಕ್ಕೆ 7680 ರಿಯಾಲ್. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷಕ್ಕೆ ಮೇಲೆ. ಅಷ್ಟೇ ಅಲ್ಲ. ಗ್ರೇಡು ಕೆಳಗಿದ್ದರೆ ಬೇಸಿಕ್ ಕೂಡ ಕಡಿಮೆ, ಗ್ರಾಚ್ಯುಟಿ ಕಟ್ಟುವುದು ಬೇಸಿಕ್ ಮೇಲೆ. ಆಗಿನ ಕಾನೂನಿನಂತೆ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದ್ದು. ಎಂಟು ವರ್ಷಕ್ಕೆ ಆರೂವರೆ ತಿಂಗಳಾಯಿತು. ನನ್ನ ಬೇಸಿಕ್ 250 ರಿಯಾಲ್, ಉಳಿದದ್ದೆಲ್ಲ ಮನೆ ಭತ್ಯೆ, ಓಡಾಟದ ಭತ್ಯೆ. ಕೈಗೆ ಬಂದದ್ದು 1625 ರಿಯಾಲ್. ಅಡಿಸ್‌ನಲ್ಲಿ ಎರಡು ದಿನದ ಲಾಡ್ಜ್ ಖರ್ಚು ಉಳಿಸಿದ್ದರ ಫಲ ಇದು. ಅಡಿಕೆಗೆ ಹೋದ ಮಾನ ಅನ್ನುತ್ತಾರಲ್ಲ, ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿ ಅಷ್ಟೂ ತಿಳಿಯಲಿಲ್ಲ.

2022ರಲ್ಲಿ ಥಾಯ್ಲೆಂಡ್. ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶದವರು ಅಲ್ಲಿ ಇಂಗ್ಲಿಷ್ ಮೇಷ್ಟ್ರಾಗಲು ಟೊಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ತರಬೇಕು. ಅಷ್ಟು ವರ್ಷ ಇಂಗ್ಲಿಷ್ ಕಲಿಸಿ, ಬ್ಯಾಂಕಾಕಿನಲ್ಲಿ ಏರ್‌ಹೋಸ್ಟೆಸ್ ಆಗಬೇಕೆಂದಿದ್ದ ಹುಡುಗಿಯರ ಸಾಲಿನಲ್ಲಿ ಕೂತು ಪೆನ್ಸಿಲಿನಲ್ಲಿ ಗುಂಡಿ ತುಂಬಿಸಿ ಬಂದೆ. ಬರೀ ಇಂಗ್ಲಿಷ್ ಮಾತೃಭಾಷೆಯ ದೇಶದ ಪಾಸ್‌ಪೋರ್ಟಿನ ಬಲದಿಂದ ಬಂದ ಇಪ್ಪತ್ತೆರಡರ ಹುಡುಗನಿಗೆ ನನಗಿಂತ ಹೆಚ್ಚು ಸಂಬಳ. ಫಿಲಿಪ್ಪೀನ್ಸಿನ ಮೇಡಂಗಳು ಇದನ್ನು ನಗುತ್ತಾ ನುಂಗಿಕೊಂಡಿದ್ದರು. ನನಗೆ ಆಗಲಿಲ್ಲ, ವರ್ಷ ತುಂಬುತ್ತಲೇ ಬಿಟ್ಟೆ.

ಈಗ ನಿಮ್ಮ ಪ್ರಶ್ನೆ. ಯಾವ ದೇಶದಲ್ಲಿ ಸಂಬಳ ಹೆಚ್ಚು ಎಂಬುದು ತಪ್ಪು ಪ್ರಶ್ನೆ, ಎರಡೆರಡು ವರ್ಷಕ್ಕೊಂದು ದೇಶ ಎಂಬುದು ಅದಕ್ಕಿಂತ ತಪ್ಪು ಯೋಜನೆ. ಪ್ರತಿ ಹೊಸ ದೇಶ ನಿಮ್ಮನ್ನು ಮೊದಲ ಮೆಟ್ಟಿಲಿಗೆ ಇಳಿಸುತ್ತದೆ, ಗ್ರಾಚ್ಯುಟಿ ಬೆಳೆಯುವುದು ನಿಂತವರಿಗೆ. ಊರು ನೋಡುವ ಆಸೆಯಿದ್ದರೆ ರಜೆಯಲ್ಲಿ ನೋಡಿ. ಎರಡು ದೇಶ ಸಾಕು, ಮೂರು ಹೆಚ್ಚು. ಕೊರಿಯಾ ಕೊರಿಯಾ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅಲ್ಲಿ ಭಾಷೆ ಕಲಿಸಲು ಬೇಕಾದ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶದವರಿಗೆ. ಭಾರತದ ಜೊತೆಗಿನ ವ್ಯಾಪಾರ ಒಪ್ಪಂದದಿಂದ ಬಿ.ಎಡ್. ಇರುವವರಿಗೆ ಸಣ್ಣದೊಂದು ಕಿಂಡಿ ಇದೆ, ಅದನ್ನು ನಂಬಿ ಇರುವ ಕೆಲಸ ಬಿಡಬೇಡಿ.

ಹೊರಡುವುದೇ ಆದರೆ ಐದು ಸಾವಿರಕ್ಕೆ ಸಿಗುವ ಆನ್‌ಲೈನ್ ಸರ್ಟಿಫಿಕೇಟಿಗೆ ದುಡ್ಡು ಸುರಿಯುವ ಬದಲು ಸಾಲ ಮಾಡಿಯಾದರೂ ಸೆಲ್ಟಾ ಮಾಡಿ, ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್ ಕೊಡುವ ಸರ್ಟಿಫಿಕೇಟ್ ಕೋರ್ಸು ಅದು. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು, ಹಿಂದೆ ಕೂತು ಬೈಯುವವರಿರುತ್ತಾರೆ. ನಾನು ಮಾಡಿದ್ದು ನಲವತ್ತು ದಾಟಿದ ಮೇಲೆ, ಆ ಬೈಗುಳ ಇಪ್ಪತ್ತೈದರಲ್ಲಿ ಸಿಗಬೇಕಿತ್ತು. ಪಿಪಿಎಫ್ ಖಾತೆ ಇಲ್ಲದಿದ್ದರೆ ವಿಮಾನ ಹತ್ತುವ ಮುಂಚೆ ತೆರೆಯಿರಿ. ಎನ್ಆರ್‌ಐ ಆದಮೇಲೆ ಹೊಸದು ತೆರೆಯಲು ಬಿಡುವುದಿಲ್ಲ, ಹಳೆಯದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು. ಆಫರ್ ಬಂದಾಗ ಒಟ್ಟು ಮೊತ್ತದ ಕೆಳಗಿನ ಸಾಲು ನೋಡಿ. ಬೇಸಿಕ್ ಅರ್ಧಕ್ಕಿಂತ ಕಡಿಮೆಯಿದ್ದರೆ ಚೌಕಾಸಿ ಮಾಡಿ, ಒಪ್ಪದಿದ್ದರೆ ಬಿಡಿ. ಕೆಲಸ ಬಿಡುವಾಗ ಕೊನೆಯ ತಿಂಗಳ ಸಂಬಳ ಕೈಗೆ ಬರುವ ಮೊದಲೇ, ಆಫೀಸಿನವರಿಗೆ ನಿಮ್ಮಿಂದ ಇನ್ನೂ ಏನಾದರೂ ಆಗಬೇಕಿರುವಾಗಲೇ, ಅನುಭವ ಪತ್ರ ಇಂಗ್ಲಿಷ್ ತಾರೀಖಿನಲ್ಲಿ ಬರೆಸಿಕೊಂಡು ಆ ದೇಶದ ಮುದ್ರೆ ಒತ್ತಿಸಿಕೊಳ್ಳಿ. ಮನೆಯಲ್ಲಿ ಮದುವೆ ಇದ್ದರೆ ಎರಡು ದಿನ ತಡವಾಗಿ ಹೋಗಿ.