ಪೆಟ್ಟಿಗೆ ಬೇಡ, ಒಡೆದ ಟೈಲ್ಸ್ ತರಿಸಿ

ಏಳನೆಯ ತರಗತಿಗೆ ಖನಿಜ, ಗಣಿಗಾರಿಕೆಯ ಪಾಠ ಮಾಡಲು ಯಾವ ಕಲ್ಲಿನ ಮಾದರಿ ಪೆಟ್ಟಿಗೆ ಕೊಳ್ಳಲಿ ಎಂದು ಪುಣೆಯಿಂದ ಕೇಳಿದ್ದೀರಿ. ಯಾವುದನ್ನೂ ಕೊಳ್ಳಬೇಡಿ. ಅಂಥದ್ದೊಂದು ಪೆಟ್ಟಿಗೆಯನ್ನು ನಂಬಿ ನಾನು ಒಬ್ಬ ಒಳ್ಳೆಯ ವಿದ್ಯಾರ್ಥಿಯ ಬಾಯಿ ಮುಚ್ಚಿಸಿದ್ದೇನೆ.

2011ರ ಮಾತು. ಗೋವಾದ ವಾಸ್ಕೊ ಬಳಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿದ್ದೆ. ಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮನೆಯವರು. ಪೆಟ್ಟಿಗೆಯಲ್ಲಿ ಇಪ್ಪತ್ತು ಗೂಡು, ಗೂಡಿಗೊಂದು ಕಲ್ಲು, ಕಲ್ಲಿಗೊಂದು ಚೀಟಿ. ಕಪ್ಪಗೆ ಹೊಳೆಯುವ ಒಂದು ತುಂಡನ್ನು ಎತ್ತಿ ‘ಮ್ಯಾಗ್ನಟೈಟ್’ ಎಂದು ಓದಿದೆ, ಅದೊಂದು ಕಬ್ಬಿಣದ ಅದಿರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಜುವಾರಿ ನದಿಯಲ್ಲಿ ಅದಿರು ತುಂಬಿದ ಚಪ್ಪಟೆ ಸರಕು ದೋಣಿಗಳನ್ನು, ಅಂದರೆ ಬಾರ್ಜ್‌ಗಳನ್ನು ಮುರಗಾಂವ್ ಬಂದರಿಗೆ ಒಯ್ಯುವ ಕೆಲಸದಲ್ಲಿದ್ದರು. “ಟೀಚರ್, ಇದು ಅಪ್ಪನ ಬಾರ್ಜಿನ ಕಲ್ಲು. ನೋಡಲು ಕಪ್ಪು, ಉಜ್ಜಿದರೆ ಕೆಂಪು. ಅಪ್ಪನ ಅಂಗಿ ಒಗೆದರೆ ನೀರೆಲ್ಲ ಕೆಂಪಾಗುತ್ತದೆ” ಎಂದ. ಅಷ್ಟಕ್ಕೆ ನಿಲ್ಲದೆ, ಕಲ್ಲನ್ನು ನೆಲಕ್ಕೆ ಉಜ್ಜಲು ಕೈ ಚಾಚಿದ. ಮಾದರಿ ಹಾಳಾಗುತ್ತದೆಂದು ಗದರಿ, ‘ಮ್ಯಾಗ್ನಟೈಟ್’ ಎಂದು ಹತ್ತು ಸಲ ಬರೆಸಿದೆ.

ಆ ಹತ್ತು ಸಲವನ್ನು ನಾನು ಇಂದಿಗೂ ಮರೆತಿಲ್ಲ. ಮ್ಯಾಗ್ನಟೈಟ್ ಆಗಿದ್ದರೆ ಆಯಸ್ಕಾಂತಕ್ಕೆ ಅಂಟುತ್ತಿತ್ತು, ಒರಟು ಮೈಗೆ ಉಜ್ಜಿದರೆ ಮೂಡುವ ಅದರ ಗೆರೆ ಕಪ್ಪಗಿರುತ್ತಿತ್ತು. ಇನ್ನೊಂದು ಕಬ್ಬಿಣದ ಅದಿರಾದ ಹೆಮಟೈಟ್ ಹೊರಗೆ ಎಷ್ಟೇ ಕಪ್ಪಗಿದ್ದರೂ ಗೆರೆ ಮಾತ್ರ ಕೆಂಗಂದು. ಆಯಸ್ಕಾಂತ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅದನ್ನು ತೆಗೆಯಲು ಅರ್ಧ ನಿಮಿಷ ಸಾಕಿತ್ತು. ನಾನು ತೆಗೆಯಲಿಲ್ಲ, ಏಕೆಂದರೆ ಚೀಟಿ ಅಚ್ಚಾಗಿತ್ತು, ಹುಡುಗನ ಮಾತು ಅಚ್ಚಾಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ, ಬಚ್ಚಲಿಗೆ ಹಾಕಿ ಉಳಿದ ಟೈಲ್ಸ್ ತುಂಡಿನ ಒರಟು ಬೆನ್ನಿಗೆ ಆ ಕಲ್ಲನ್ನು ಎಳೆದು ನೋಡಿದೆ. ಕೆಂಪು ಗೆರೆ ಮೂಡಿತು. ಚೀಟಿ ಅದಲುಬದಲಾಗಿತ್ತು. ಅಷ್ಟರಲ್ಲಿ 2012ರ ಸೆಪ್ಟೆಂಬರ್ ಕಳೆದಿತ್ತು. ಗೋವಾದಲ್ಲಿ ಗಣಿಗಾರಿಕೆ ನಿಂತು, ಬಾರ್ಜ್‌ಗಳು ದಡ ಸೇರಿ, ಆ ಕುಟುಂಬ ವರ್ಗಾವಣೆ ಪತ್ರ ಪಡೆದು ಊರಿಗೆ ಹೋಗಿತ್ತು. ಹೋಗುವವರೆಗೂ ಅವನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಿರಲಿಲ್ಲ. ನೀನು ಹೇಳಿದ್ದೇ ಸರಿ ಎಂದು ಅವನಿಗೆ ಹೇಳಲು ನನಗೆ ಆಗಲೇ ಇಲ್ಲ.

ಒರೆಗೆ ಹಚ್ಚುವುದು ನಮಗೆ ಹೊಸದೇನೂ ಅಲ್ಲ. ಅಕ್ಕಸಾಲಿಗರು ಚಿನ್ನಕ್ಕೆ ಮಾಡುವುದೂ ಅದನ್ನೇ. ಒಡೆದ ಟೈಲ್ಸಿನ ಒರಟು ಬೆನ್ನಿನ ಮೇಲೆ ಮಕ್ಕಳಿಗೆ ಮೊದಲು ಅದನ್ನು ಕಲಿಸಿ, ಹೆಸರು ಆಮೇಲೆ ಬರಲಿ. ಪೆನ್ಸಿಲ್ ಎಳೆಯುವ ಗೆರೆ ಗ್ರಾಫೈಟಿನ ಗೆರೆ. ಬೋರ್ಡಿನ ಸೀಮೆಸುಣ್ಣ ಜಿಪ್ಸಂನಿಂದ ಬಂದದ್ದು. ಮುಖದ ಪೌಡರಿನ ಟಾಲ್ಕ್ ಖನಿಜಗಳಲ್ಲೆಲ್ಲ ಮೆದು, ಉಗುರಿನಿಂದಲೇ ಅದರ ಮೇಲೆ ಗೀರು ಬೀಳುತ್ತದೆ. ಅಜ್ಜಿ ಮನೆಯ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಕೆಂಪು ಅದೇ ಹೆಮಟೈಟಿನದು. ಶುದ್ಧ ಹೆಮಟೈಟಿನ ತೂಕದಲ್ಲಿ ಸುಮಾರು ಶೇ. 70 ಕಬ್ಬಿಣ ಎಂದು ಇಷ್ಟಾದ ಮೇಲೆ ಹೇಳಿದರೆ, ಅಡುಗೆಮನೆಯ ಈಳಿಗೆಯವರೆಗಿನ ದಾರಿಯನ್ನು ಅವರೇ ಹುಡುಕುತ್ತಾರೆ.

ನಿಮ್ಮ ಪುಣೆಯ ನೆಲವೇ ಬಸಾಲ್ಟ್, ಲಾವಾ ತಣಿದು ಆದ ಕಪ್ಪು ಕಲ್ಲು. ಅದರ ಪೊಳ್ಳುಗಳಲ್ಲಿ ಬಿಳಿಯ ಝಿಯೋಲೈಟ್ ಹರಳುಗಳು ಬೆಳೆದಿರುತ್ತವೆ. ಪುಣೆ ಬಳಿಯ ವಾಘೋಲಿಯ ಕಲ್ಲುಕ್ವಾರಿಗಳಲ್ಲಿ ಸಿಕ್ಕ ನೀಲಿ ಖನಿಜ ಕ್ಯಾವನ್ಸೈಟ್ ಜಗತ್ತಿನ ಖನಿಜ ಸಂಗ್ರಾಹಕರಿಗೆಲ್ಲ ಗೊತ್ತು. ಮಕ್ಕಳನ್ನು ಕ್ವಾರಿಗೆ ಕರೆದೊಯ್ಯುವುದು ಅಪಾಯ, ಬೇಡ. ಮನೆ ಕಟ್ಟುವ ಜಾಗದಲ್ಲಿ ಸುರಿದ ಜಲ್ಲಿಯಿಂದ ಒಂದು ಹಿಡಿ ಕೇಳಿ ತನ್ನಿ. ನಿಮ್ಮ ತರಗತಿಯಲ್ಲೂ ಜಲ್ಲಿ ಹೊರುವವರ, ಟೈಲ್ಸ್ ಕೂರಿಸುವವರ ಮಕ್ಕಳು ಇರಬಹುದು. ಪಾಠವನ್ನು ಅವರಿಂದಲೇ ಶುರುಮಾಡಿಸಿ. ಪೆಟ್ಟಿಗೆಗೆಂದು ಇಟ್ಟ ಹಣದಲ್ಲಿ ಬೆಂಚಿಗೊಂದರಂತೆ ಆಯಸ್ಕಾಂತ ತನ್ನಿ. ತಂದದ್ದನ್ನು ಡ್ರಾಯರಿನಲ್ಲಿ ಇಡಬೇಡಿ, ಮಕ್ಕಳ ಕೈಗೆ ಕೊಡಿ.