ಅನಿಮೋನ್‌ಗೆ ವಾರಕ್ಕೆ ಎಷ್ಟು ಊಟ?

ಪ್ರಶ್ನೆ: ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಕ್ಲೌನ್ ಮೀನುಗಳ ಜೋಡಿಗೆ ಆಸರೆಯಾಗಲೆಂದು ಎರಡು ತಿಂಗಳ ಹಿಂದೆ ಬಬಲ್ ಟಿಪ್ ಅನಿಮೋನ್ (ಹೂವಿನಂತೆ ಎಳೆಗಳನ್ನು ಚಾಚಿ ಕಲ್ಲಿಗೆ ಅಂಟಿಕೊಂಡು ಬದುಕುವ ಕಡಲ ಪ್ರಾಣಿ) ತಂದೆ. ಪ್ರತಿರಾತ್ರಿ ಒಂದು ಇಡೀ ಸಿಗಡಿ ಕೊಡುತ್ತೇನೆ. ಗಬಕ್ಕನೆ ಹಿಡಿದು ನುಂಗುತ್ತದೆ. ಬೆಳಗ್ಗೆ ನೋಡಿದರೆ ಲೋಳೆ ಸುತ್ತಿದ ಬಿಳಿ ಮುದ್ದೆಯೊಂದು ಮರಳಿನ ಮೇಲೆ ಬಿದ್ದಿರುತ್ತದೆ, ಅನಿಮೋನ್ ಮುದುಡಿಕೊಂಡಿರುತ್ತದೆ. ಆಹಾರ ಸಾಲುತ್ತಿಲ್ಲವೇ? ದಿನಕ್ಕೆ ಎರಡು ಸಲ ಕೊಡಲೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಬೇಡ. ಇವತ್ತಿನಿಂದ ಹತ್ತು ದಿನ ಅದಕ್ಕೆ ಏನನ್ನೂ ಕೊಡಬೇಡಿ. ಆಮೇಲೆ ವಾರಕ್ಕೆ ಒಂದು ಸಲ, ಕಡಲೆಕಾಳಿನಷ್ಟು ತುಂಡು ಸಾಕು.

ನೀವು ನೋಡುತ್ತಿರುವ ಬಿಳಿ ಮುದ್ದೆ ಹಸಿವಿನ ಲಕ್ಷಣವಲ್ಲ, ಅಜೀರ್ಣದ್ದು. ಅನಿಮೋನ್‌ನ ದೇಹಕ್ಕೆ ಇರುವುದು ಒಂದೇ ದ್ವಾರ. ತಿನ್ನುವುದೂ ಅದರಿಂದಲೇ, ಕಸ ಹೊರಹಾಕುವುದೂ ಅದರಿಂದಲೇ. ಹಿಂದಿನ ದಿನದ್ದು ಕರಗುವ ಮೊದಲೇ ಮತ್ತೊಂದು ಸಿಗಡಿ ಒಳಗೆ ಬಂದರೆ ಅದು ಎಲ್ಲವನ್ನೂ ಕಕ್ಕುತ್ತದೆ. ಊಟವಾದ ಮೇಲೆ ಕೆಲವು ಗಂಟೆ ಮುದುಡಿ, ಕಂದು ಲೋಳೆ ಬಿಟ್ಟು, ಮತ್ತೆ ನೀರು ತುಂಬಿಕೊಂಡು ಅರಳುವುದು ಸಹಜ. ಅರೆಬೆಂದಂತೆ ಕಾಣುವ ಸಿಗಡಿಯೇ ಹೊರಬರುವುದು ಸಹಜವಲ್ಲ. ಆ ಮುದ್ದೆ ತೊಟ್ಟಿಯಲ್ಲೇ ಕೊಳೆತರೆ ಅಮೋನಿಯಾ, ಅದರ ಹಿಂದೆಯೇ ನೈಟ್ರೇಟ್ ಏರುತ್ತವೆ. ನಾನು ಮೊದಲ ಅನಿಮೋನ್ ಕಳೆದುಕೊಂಡದ್ದು ಹೀಗೆಯೇ. ಅದು ಉಪವಾಸ ಬಿದ್ದು ಸಾಯಲಿಲ್ಲ, ನನ್ನ ಉಪಚಾರ ತಾಳಲಾರದೆ ಸತ್ತಿತು.

ಹಾಗಾದರೆ ಅದು ಬದುಕುವುದು ಯಾವುದರಿಂದ? ಬೆಳಕಿನಿಂದ. ಬಬಲ್ ಟಿಪ್‌ನ ಮೈಯೊಳಗೆ ಏಕಕೋಶದ ಪಾಚಿಗಳು ಮನೆಮಾಡಿಕೊಂಡಿರುತ್ತವೆ. ಅದರ ಕಂದು ಛಾಯೆ ಅವುಗಳದ್ದೇ. ಬೆಳಕು ಬಿದ್ದಾಗ ಅವು ತಯಾರಿಸುವ ಸಕ್ಕರೆಯ ಬಹುಪಾಲು ಅನಿಮೋನ್‌ಗೆ ಸೇರುತ್ತದೆ. ಅದಕ್ಕೆ ಬೆಳಕೇ ಅನ್ನ, ನೀವು ಕೊಡುವ ಸಿಗಡಿ ಎಲೆಯ ತುದಿಯ ಉಪ್ಪಿನಕಾಯಿ. ನಿಮ್ಮ ಕ್ಲೌನ್ ಜೋಡಿಯೂ ಸುಮ್ಮನೆ ಕೂತಿಲ್ಲ. ಆ ಮೀನುಗಳು ವಿಸರ್ಜಿಸುವ ಅಮೋನಿಯಾ ಈ ಪಾಚಿಗಳಿಗೆ ಗೊಬ್ಬರ. ಎಷ್ಟೋ ಸಲ ತಮಗೆ ಹಾಕಿದ ತುಣುಕನ್ನು ಅವೇ ಒಯ್ದು ಅನಿಮೋನ್‌ಗೆ ಒಪ್ಪಿಸುತ್ತವೆ.

ಪಾಚಿಯ ನೆರವಿಲ್ಲದ ಅನಿಮೋನ್‌ಗಳಿಗೂ ದಿನದ ಊಟ ಬೇಕಿಲ್ಲ. ಸ್ಕಾಟ್ಲೆಂಡಿನ ನಿಸರ್ಗತಜ್ಞ ಸರ್ ಜಾನ್ ಡಾಲಿಯೆಲ್ 1828ರಲ್ಲಿ ಕಡಲತೀರದಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿಟ್ಟರು. ಡಾಲಿಯೆಲ್ ತೀರಿಕೊಂಡ ಮೇಲೂ ಅದು ಕೈಯಿಂದ ಕೈಗೆ ದಾಟುತ್ತ 1887ರವರೆಗೆ ಬದುಕಿತು. ಜನ ಅದನ್ನು ‘ಅಜ್ಜಿ’ ಎಂದೇ ಕರೆಯುತ್ತಿದ್ದರು. ಅಜ್ಜಿಯ ಆಹಾರ ಎರಡು ವಾರಕ್ಕೊಮ್ಮೆ ಅರ್ಧ ಪಚ್ಚಿಲೆಯ (ಕಡಲ ಚಿಪ್ಪುಜೀವಿ) ಮಾಂಸ! ತಣ್ಣೀರಿನ ಆ ಜೀವಿಗೂ ನಿಮ್ಮ ಬೆಚ್ಚನೆಯ ನೀರಿನದಕ್ಕೂ ಲೆಕ್ಕ ಒಂದೇ ಅಲ್ಲ, ನಿಜ. ಆದರೂ ದಿನಕ್ಕೊಂದು ಸಿಗಡಿ ಎಷ್ಟು ದುಬಾರಿ ಔತಣ ಎಂಬುದು ಇದರಿಂದ ತಿಳಿದೀತು.

ಕೊಡುವ ಬಗೆ ಸರಳ. ಮೀನು ಮಾರುಕಟ್ಟೆಯ ಹಸಿ ಸಿಗಡಿ ಅಥವಾ ಬೊಂಡಾಸ್ (ಸ್ಕ್ವಿಡ್) ಆಗುತ್ತದೆ. ಉಪ್ಪು, ಅರಿಶಿನ ಸೋಕಿರಬಾರದು. ಸಿಪ್ಪೆ ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಿ ಫ್ರೀಜರಿನಲ್ಲಿಡಿ. ಬೇಕಾದಾಗ ಒಂದು ತುಂಡನ್ನು ತೊಟ್ಟಿಯ ನೀರಿನಲ್ಲೇ ಕರಗಿಸಿಕೊಳ್ಳಿ. ಹತ್ತು ನಿಮಿಷ ಪಂಪ್ ನಿಲ್ಲಿಸಿ, ಉದ್ದನೆಯ ಇಕ್ಕಳದಿಂದ ತುಂಡನ್ನು ಎಳೆಗಳಿಗೆ ಮುಟ್ಟಿಸಿದರೆ ಸಾಕು, ಬಾಯಿಗೆ ತುರುಕಬೇಡಿ. ಎಳೆಗಳಿಗೆ ಅಂಟಿಕೊಳ್ಳದಿದ್ದರೆ ಅದಕ್ಕೆ ಬೇಕಿಲ್ಲವೆಂದರ್ಥ, ವಾಪಸು ತೆಗೆಯಿರಿ. ತೊಟ್ಟಿಯಲ್ಲಿ ಜೀವಂತ ಸಿಗಡಿ ಸಾಕಿದ್ದರೆ ಸ್ವಲ್ಪ ಹೊತ್ತು ಕಾವಲು ಕಾಯಬೇಕಾದೀತು, ಅವು ಅನಿಮೋನ್‌ನ ಬಾಯಿಗೇ ಕಾಲು ಹಾಕಿ ತುತ್ತು ಕದಿಯುತ್ತವೆ. ಕೆಲಸ ಮುಗಿದ ಮೇಲೆ ಪಂಪ್ ಹಾಕಲು ಮರೆಯಬೇಡಿ.

ಅನಿಮೋನ್ ಬುಡ ಕಿತ್ತುಕೊಂಡು ಅಲೆಯುತ್ತಿದ್ದರೆ, ಕತ್ತು ನೀಳವಾಗಿಸಿ ಮೇಲಕ್ಕೆ ಚಾಚುತ್ತಿದ್ದರೆ ದೀಪವನ್ನು ಅನುಮಾನಿಸಿ, ಊಟವನ್ನಲ್ಲ. ಎಳೆಗಳ ತುದಿಯ ಗುಳ್ಳೆ ಮಾಯವಾದರೆ ಹಸಿವು ಎನ್ನುವವರಿದ್ದಾರೆ. ಆ ಮಾತು ನಂಬಬೇಡಿ, ಚೆನ್ನಾಗಿ ಉಂಡ ಅನಿಮೋನ್‌ಗೂ ಗುಳ್ಳೆ ಇಲ್ಲದಿರುವುದುಂಟು. ಅದಕ್ಕಿಂತ ನೀರಿನ ಉಪ್ಪಿನಂಶ ಅಳೆಯಿರಿ: ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಆವಿಯಾದ ನೀರಿನ ಬದಲು ಉಪ್ಪಿಲ್ಲದ ಆರ್‌ಒ ನೀರನ್ನೇ ಸುರಿಯಿರಿ, ಕೊಳವೆಬಾವಿಯದ್ದು ಬೇಡ.

ಪ್ರಶ್ನೆ: ಹಾಲಿನಂತೆ ಬೆಳ್ಳಗಿರುವ ಅನಿಮೋನ್ ತಂದಿದ್ದೇನೆ, ತುಂಬ ಚೆಂದವಿದೆ. ಇದಕ್ಕೂ ವಾರಕ್ಕೊಮ್ಮೆಯೇ ಆಹಾರವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ನೀವು ಚೆಂದ ಎಂದಿರುವುದು ರೋಗಿಯ ಬಿಳಿಚಿದ ಮುಖವನ್ನು. ಅದರೊಳಗಿನ ಪಾಚಿಗಳು ಹೊರಟುಹೋಗಿವೆ, ಬೆಳಕಿನಿಂದ ಬರುತ್ತಿದ್ದ ಅನ್ನ ನಿಂತಿದೆ. ಮೇಲಿನ ಲೆಕ್ಕ ಇಲ್ಲಿ ತಿರುವುಮುರುವು. ದಿನ ಬಿಟ್ಟು ದಿನ ಕೊಡಿ, ಆದರೆ ತೀರಾ ಸಣ್ಣ ತುಣುಕು: ಒಂದೆರಡು ಮೈಸಿಸ್ ಎಂಬ ಪುಟ್ಟ ಸಿಗಡಿ, ಇಲ್ಲವೇ ಹೆಸರುಕಾಳಿನಷ್ಟು ಸಿಗಡಿ ಮಾಂಸ. ದೀಪವನ್ನು ಒಮ್ಮೆಲೇ ಜೋರಾಗಿ ಹಾಕಬೇಡಿ, ಮಂದ ಬೆಳಕಿನಿಂದ ಆರಂಭಿಸಿ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸಿ. ಕಂದು ಬಣ್ಣ ಮರಳಲು ತಿಂಗಳುಗಳೇ ಬೇಕಾಗಬಹುದು, ಬಂದಂತೆಲ್ಲ ಊಟ ಕಡಿಮೆ ಮಾಡುತ್ತ ಹೋಗಿ. ಬಾಯಿ ಜೋತುಬಿದ್ದು, ಮೈ ಎಳೆಎಳೆಯಾಗಿ ಬಿಚ್ಚಿಕೊಂಡು, ಕೊಳೆತ ವಾಸನೆ ಬಂದರೆ ಆ ಕ್ಷಣವೇ ಹೊರತೆಗೆಯಿರಿ. ಬೆಳಗಿನವರೆಗೆ ಕಾದರೆ ಮೀನುಗಳೂ ಉಳಿಯದಿರಬಹುದು.